ನೋವಿಗೊಂದು ಮೀಟರ್ ಉಂಟೇ?

ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಕೈ ತಗುಲಿ 'ಜುಂ' ಎಂದ ಅನುಭವ ಹೊಲಮನೆಯವರಿಗೆ ಹೊಸತಲ್ಲ. ಶಿರಹಟ್ಟಿ, ಲಕ್ಷ್ಮೇಶ್ವರ, ಮಾಗಡಿ ಕಡೆ ಯಾರನ್ನಾದರೂ ಕೇಳಿ ನೋಡಿ. ಒಬ್ಬರು 'ಇರುವೆ ಕಚ್ಚಿದಂಗಾತು' ಎಂದರೆ ಇನ್ನೊಬ್ಬರು 'ಹೆಗಲತನಕ ಬಡದಂಗಾತು' ಎಂದಾರು. ತಗುಲಿದ ಕರೆಂಟಿನ ಪ್ರಮಾಣ ಬೇರೆ ಇದ್ದೀತು, ನಿಜ. ಆದರೆ ಪ್ರಯೋಗಾಲಯದಲ್ಲಿ ಅಳೆದು ಅಷ್ಟಷ್ಟೇ ಕೊಟ್ಟರೂ ಒಬ್ಬರಿಗೆ ಚುರುಕ್, ಇನ್ನೊಬ್ಬರಿಗೆ ಕಣ್ಣೀರು! ಹಾಗಿದ್ದರೆ ಜ್ವರಕ್ಕೆ ಥರ್ಮಾಮೀಟರ್ ಇರುವಂತೆ ನೋವಿಗೂ ಒಂದು ಮೀಟರ್ ಏಕಿರಬಾರದು? ಪರೀಕ್ಷೆಯ ದಿನವೇ 'ಹೊಟ್ಟೆನೋವು' ಎನ್ನುವ ಮಗನನ್ನು ಕಂಡು ಎಷ್ಟೋ ತಾಯಂದಿರಿಗೆ ಹೀಗೆ ಅನ್ನಿಸಿರಬೇಕು.

ಅಂಥ ಮೀಟರನ್ನು ವಿಜ್ಞಾನಿಗಳು ಮಿದುಳಿನಲ್ಲಿ ಹುಡುಕಿದ್ದಾರೆ. ತಾವಾಗಿ ಒಪ್ಪಿ ಬಂದವರ ಕೈಯ ಚರ್ಮಕ್ಕೆ ಎರಡು ಪುಟ್ಟ ವಿದ್ಯುದ್ವಾರಗಳನ್ನು ಅಂಟಿಸುತ್ತಾರೆ. ಅವುಗಳ ಮೂಲಕ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನ ವಿದ್ಯುತ್ ಮಿಡಿತಗಳನ್ನು ಕೊಡುತ್ತಾರೆ. ಸೊನ್ನೆಯಿಂದ ಶುರುಮಾಡಿ ಮೆಲ್ಲಗೆ ಏರಿಸುತ್ತಾರೆ. 'ಏನೋ ತಾಗಿತು' ಎಂದಾಗ ಒಂದು ಗುರುತು, 'ಸೂಜಿ ಚುಚ್ಚಿತು' ಎಂದಾಗ ಇನ್ನೊಂದು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕವನ್ನೂ ಅವರೇ ಕೊಡಬೇಕು. ಸಾಕೆಂದರೆ ನಿಲ್ಲಿಸಲೇಬೇಕು, ಇದು ನಿಯಮ. ಈ ನಡುವೆ ತಲೆಗೆ ಟೊಪ್ಪಿಗೆಯಂತೆ ತೊಡಿಸಿದ ವಿದ್ಯುದ್ವಾರಗಳು ಮಿದುಳಿನ ಅಲೆಗಳನ್ನು ದಾಖಲಿಸುತ್ತವೆ. ಇದೇ ಇಇಜಿ. (ಮನೆಯ 230 ವೋಲ್ಟಿನ ಪ್ಲಗ್ಗಿನಲ್ಲಿ ಇದನ್ನು ಅನುಕರಿಸಲು ಹೋದರೆ ಜೀವವೇ ಹೋದೀತು. ವಿದ್ಯಾರ್ಥಿಗಳು ಈ ವಾಕ್ಯವನ್ನು ಎರಡು ಸಲ ಓದಿಕೊಳ್ಳಬೇಕು.)

ಮನುಷ್ಯನ ಇಇಜಿಯನ್ನು ಮೊದಲು ದಾಖಲಿಸಿದವರು ಜರ್ಮನಿಯ ಹಾನ್ಸ್ ಬರ್ಗರ್, 1924ರಲ್ಲಿ. ಆದರೆ ಮಿದುಳು ಎಂದೂ ಸುಮ್ಮನಿರುವುದಿಲ್ಲವಲ್ಲ! ಚಳಿಗಾಲದಲ್ಲಿ ಮಾಗಡಿ ಕೆರೆಯ ದಂಡೆಯಲ್ಲಿ ನಿಂತವರಿಗೆ ಈ ತೊಡಕು ಬೇಗ ತಿಳಿದೀತು. ಹಿಮಾಲಯದ ಆಚೆಯಿಂದ ಬಂದಿಳಿದ ಪಟ್ಟೆತಲೆ ಹೆಬ್ಬಾತುಗಳ ಗದ್ದಲವೋ ಗದ್ದಲ. ದೂರದಲ್ಲೊಂದು ಗಂಟೆ ಬಾರಿಸಿದಾಗಲೆಲ್ಲ ಆಚೆ ದಂಡೆಯ ನಾಲ್ಕು ಹಕ್ಕಿಗಳು ಮಾತ್ರ ಉತ್ತರ ಕೊಡುತ್ತವೆ ಎಂದುಕೊಳ್ಳಿ. ಒಂದು ಸಲಕ್ಕೆ ಅದು ಕಿವಿಗೆ ಬೀಳದು. ನೂರು ಸಲ ಬಾರಿಸಿ, ನೂರು ಧ್ವನಿಮುದ್ರಣಗಳನ್ನು ಗಂಟೆಯ ಕ್ಷಣಕ್ಕೆ ಸರಿಯಾಗಿ ಜೋಡಿಸಿ ಸರಾಸರಿ ತೆಗೆದರೆ? ಅಡ್ಡಾದಿಡ್ಡಿ ಗದ್ದಲ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಗಂಟೆಗೆ ಬಂದ ಉತ್ತರ ಮಾತ್ರ ಎದ್ದು ನಿಲ್ಲುತ್ತದೆ. (2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಕೆರೆ ಅದು. ಈ ಪ್ರಯೋಗ ಮನಸ್ಸಿನಲ್ಲೇ ನಡೆಯಲಿ.) ಲಂಡನ್ನಿನ ಜಾರ್ಜ್ ಡಾಸನ್ 1947ರಲ್ಲಿ ತೋಳಿನ ನರಕ್ಕೆ ಕರೆಂಟು ಮುಟ್ಟಿಸಿ, ಮಿದುಳಿನ ದಾಖಲೆಗಳನ್ನು ಒಂದರ ಮೇಲೊಂದು ಪೇರಿಸಿ ಇಂಥ ಉತ್ತರವನ್ನು ಕಂಡರು. ಮುಂದೆ ಸರಾಸರಿ ತೆಗೆಯುವ ಯಂತ್ರವನ್ನೂ ಕಟ್ಟಿದರು.

ಇಷ್ಟಾದರೂ ಮೀಟರ್ ಕೈಗೆ ಬರಲಿಲ್ಲ. ಕಾರಣ ನಮ್ಮ ನರಗಳಲ್ಲೇ ಇದೆ. ಮುಟ್ಟಿದ್ದನ್ನು ತಿಳಿಸುವ ದಪ್ಪ ತಂತುಗಳು ಎಕ್ಸ್‌ಪ್ರೆಸ್ ಬಸ್ಸಿನಂತೆ. ಮಣಿಕಟ್ಟಿನ ಸುದ್ದಿ ಮಿದುಳಿಗೆ ತಲುಪಲು ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕು. ಚುಚ್ಚುವ ನೋವನ್ನು ಒಯ್ಯುವ ತೆಳು ತಂತುಗಳ ವೇಗ ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್. ಉರಿಯನ್ನು ಒಯ್ಯುವ ಅತಿ ತೆಳು ತಂತುಗಳದ್ದು ಎತ್ತಿನ ಗಾಡಿಯ ನಡಿಗೆ, ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್. ಹೊಸ್ತಿಲಿಗೆ ಕಾಲ್ಬೆರಳು ಎಡವಿದಾಗ ಮೊದಲು ಚುರುಕ್ ಎಂದು, ಒಂದು ಉಸಿರು ಕಳೆದ ಮೇಲೆ ಉರಿ ಏಳುವುದು ಇದಕ್ಕೇ. ಕರೆಂಟಿನ ಸ್ವಭಾವವೆಂದರೆ ಅದು ಮೊದಲು ಎಬ್ಬಿಸುವುದು ದಪ್ಪ ತಂತುಗಳನ್ನು. ನೋವಾಗುವಷ್ಟು ಏರಿಸುವ ಹೊತ್ತಿಗೆ ಸ್ಪರ್ಶದ ಸುದ್ದಿ ಮುಂಚೆಯೇ ಹೋಗಿ ಕುಳಿತಿರುತ್ತದೆ. ಅಲೆಯಲ್ಲಿ ಕಂಡದ್ದು ಸ್ಪರ್ಶವೋ ನೋವೋ? ಇದನ್ನು ಬೇರ್ಪಡಿಸಲೆಂದೇ 1976ರಲ್ಲಿ ಲೇಸರಿನ ಬಿಸಿಯನ್ನು ಬಳಸಿದವರುಂಟು. ಚರ್ಮದ ಮೇಲ್ಪದರಕ್ಕಷ್ಟೇ ಕರೆಂಟು ತಾಗಿಸುವ ಸೂಜಿಮೊನೆಯ ವಿದ್ಯುದ್ವಾರಗಳೂ ಬಂದವು.

ಅಷ್ಟಕ್ಕೂ ಒಗಟು ಬಿಡಲಿಲ್ಲ. 2008ರಲ್ಲಿ ಯಾನ್ನೆಟ್ಟಿ ಮತ್ತು ಸಂಗಡಿಗರು ಒಂದೊಂದು ಸೆಕೆಂಡಿನ ಅಂತರದಲ್ಲಿ ಮೂರು ಸಲ ಲೇಸರ್ ಮುಟ್ಟಿಸಿದರು. ಮೂರಕ್ಕೂ ಜನ ಕೊಟ್ಟ ನೋವಿನ ಅಂಕ ಹೆಚ್ಚುಕಡಿಮೆ ಒಂದೇ. ಮಿದುಳಿನ ಅಲೆ ಮಾತ್ರ ಎರಡನೆಯದಕ್ಕೇ ಕುಗ್ಗಿಬಿಟ್ಟಿತ್ತು! ಅಂದರೆ ಆ ದೊಡ್ಡ ಅಲೆ 'ನೋವು' ಎನ್ನುವುದಕ್ಕಿಂತ 'ಅರೆ, ಇದೇನು?' ಎನ್ನುವ ಎಚ್ಚರದ್ದೆಂದು ಕಾಣುತ್ತದೆ. 2016ರಲ್ಲಿ ಇನ್ನೂ ವಿಚಿತ್ರದ ವರದಿ ಬಂತು. ಹುಟ್ಟಿನಿಂದಲೇ ನೋವೆಂದರೇನೆಂದು ಅರಿಯದ ಇಬ್ಬರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, 'ನೋವಿನ ಜಾಲ' ಎಂದು ಹೆಸರಿಟ್ಟಿದ್ದ ಭಾಗಗಳು ಅವರಲ್ಲೂ ಬೆಳಗಿದವು.

ನಮ್ಮ ದೇಶದಲ್ಲೂ ಇಂಥ ಹುಡುಕಾಟ ನಡೆದಿದೆ. ದೆಹಲಿಯ ಆನಂದ್, ಛೀನಾ ಮತ್ತು ಸಿಂಗ್ 1961ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಬ್ಬರು ಯೋಗಿಗಳು 4 ಡಿಗ್ರಿಯ ತಣ್ಣೀರಿನಲ್ಲಿ ಮುಕ್ಕಾಲು ಗಂಟೆಗೂ ಮಿಕ್ಕಿ ಕೈಯಿಟ್ಟು ಕುಳಿತಿದ್ದರು. ಅವರ ಮಿದುಳಿನ ಶಾಂತ ಆಲ್ಫಾ ಅಲೆಗಳು ಕದಡಲಿಲ್ಲ.

ಹಾಗೆಂದು ಈ ಅಲೆಗಳು ದಂಡವಲ್ಲ. ಮಾತೇ ಬಾರದವರಿಗೆ ಇವು ದೊಡ್ಡ ಆಸರೆ. ಎಳೆಗೂಸುಗಳಿಗೆ ನೋವೇ ತಿಳಿಯದೆಂದು ನಂಬಿ, 1980ರ ದಶಕದವರೆಗೂ ಹಲವೆಡೆ ಅರಿವಳಿಕೆಯನ್ನು ಅರೆಬರೆ ಕೊಟ್ಟೋ ಕೊಡದೆಯೋ ಶಸ್ತ್ರಕ್ರಿಯೆ ಮಾಡುತ್ತಿದ್ದರು. ನೆನೆದರೆ ಮೈ ನಡುಗುತ್ತದೆ. ರಕ್ತಪರೀಕ್ಷೆಗೆ ಕೂಸಿನ ಹಿಮ್ಮಡಿ ಚುಚ್ಚಿದಾಗ ಮಿದುಳಿನಲ್ಲೇಳುವ ಅಲೆಯನ್ನು ಆಕ್ಸ್‌ಫರ್ಡಿನ ಸಂಶೋಧಕರು ಗುರುತಿಸಿದರು. ಚರ್ಮವನ್ನು ಮರಗಟ್ಟಿಸುವ ಮುಲಾಮು ಹಚ್ಚಿದರೆ ಆ ಅಲೆ ತಗ್ಗುವುದನ್ನು 2017ರಲ್ಲಿ ತೋರಿಸಿದರು.

ಮಾತು ಬಲ್ಲ ಮಕ್ಕಳ ವಿಷಯ ಬೇರೆ. ಕೈಕಾಲು ಉರಿ, ಜುಮುಗುಡುವಿಕೆ ಎಂದು ಹುಬ್ಬಳ್ಳಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋದವರಿಗೆ 'ನರದ ಕರೆಂಟ್ ಟೆಸ್ಟ್' ಬರೆದುಕೊಡುವುದುಂಟು. ಅದಕ್ಕೆ ಮಗುವನ್ನು ಹೆದರಿಸಬೇಡಿ. ಕರೆಂಟು ಚಿಟಿಕೆ ಹೊಡೆದಂತೆ ಇರುತ್ತದೆ, ಬೇಗ ಮುಗಿಯುತ್ತದೆ ಎಂದು ಮೊದಲೇ ಹೇಳಿಡಿ. ವರದಿಯಲ್ಲಿ 'ನಾರ್ಮಲ್' ಎಂದು ಬಂದೊಡನೆ 'ನೋಡು, ಸುಳ್ಳು ಹೇಳ್ತಿದ್ದೆ' ಎಂದು ಮಗುವಿನ ಮೇಲೆ ಹಾಯುವವರಿದ್ದಾರೆ. ಆ ಪರೀಕ್ಷೆ ನೋಡುವುದು ಮುಖ್ಯವಾಗಿ ದಪ್ಪ ತಂತುಗಳನ್ನು. ಉರಿಯನ್ನು ಒಯ್ಯುವ ತೆಳು ತಂತುಗಳು ಕೆಟ್ಟಿದ್ದರೂ ಅದರಲ್ಲಿ ಕಾಣದೇ ಹೋಗಬಹುದು. ಯಾವ ತಂತುಗಳನ್ನು ನೋಡಿದಿರಿ ಎಂದು ವೈದ್ಯರನ್ನು ಕೇಳಿ. ಉರಿ ಎಲ್ಲಿ, ಯಾವಾಗ, ಹತ್ತಕ್ಕೆ ಎಷ್ಟು ಎಂದು ಮಗುವಿನ ಬಾಯಿಂದಲೇ ಅವರಿಗೆ ಹೇಳಿಸಿ.