ಚೌಳು ನೆಲಕ್ಕೆ ಹುಲ್ಲಿನ ಮದ್ದು

ಹಿಂದೆ ಅಗಸರು ಬಟ್ಟೆ ಒಗೆಯಲು ಬಳಸುತ್ತಿದ್ದ ಚೌಳು ಮಣ್ಣನ್ನು ಹಿರಿಯರು ಮರೆತಿರಲಾರರು. ಅಗಸನಿಗೆ ಒದಗುತ್ತಿದ್ದ ಆ ಸೋಡವೇ ರೈತನಿಗೆ ಶತ್ರು. ಅದರಲ್ಲಿಯ ಸೋಡಿಯಂ ಹೆಚ್ಚಿದಲ್ಲಿ ಜೇಡಿಯ ಕಣಗಳು ಬಿಡಿಬಿಡಿಯಾಗಿ ಮಣ್ಣಿನ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ಮಳೆಯ ನೀರು ಇಂಗದೆ ಮೇಲೆಯೇ ನಿಲ್ಲುತ್ತದೆ, ಪೈರು ಏಳುವುದಿಲ್ಲ.

1969ರಲ್ಲಿ ಸ್ಥಾಪಿತವಾದ, ಹರಿಯಾಣದ ಕರ್ನಾಲಿನಲ್ಲಿರುವ ಕೇಂದ್ರೀಯ ಮಣ್ಣಿನ ಲವಣತೆ ಸಂಶೋಧನ ಸಂಸ್ಥೆಯು ಇಂತಹ ನೆಲಕ್ಕೆ ಜಿಪ್ಸಂ ಬೆರೆಸುವ ವಿಧಾನವನ್ನು ಬಳಕೆಗೆ ತಂದಿತು. ಅದು ಶೀಘ್ರ ಫಲ ಕೊಡುವುದು ನಿಜ. ಆದರೆ ಎಕರೆಗೆ ಟನ್ನುಗಟ್ಟಲೆ ಬೇಕು. ಅಷ್ಟು ಹಣವಿಲ್ಲದವನ ಗತಿಯೇನು? ಅಂಥವನಿಗೆ ಉಳಿದಿರುವ ಇನ್ನೊಂದು ದಾರಿಯೇ ‘ಕರ್ನಾಲ್ ಹುಲ್ಲು’.

ಈ ಹುಲ್ಲು ಉಪ್ಪನ್ನೆಲ್ಲ ತಿಂದು ತೇಗುತ್ತದೆಂದು ಭಾವಿಸಬಾರದು. ಎಲೆಗಳ ಮೂಲಕ ಅದು ಹೊರಹಾಕುವ ಉಪ್ಪು ಅಲ್ಪ. ನಿಜವಾದ ಕೆಲಸ ಬೇರಿನದು. ಬೇರು ಬಿಡುವ ಇಂಗಾಲಾಮ್ಲ ವಾಯು ನೀರಿನಲ್ಲಿ ಬೆರೆತು, ನೆಲದೊಳಗಿನ ಸುಣ್ಣಕಲ್ಲಿನ ಹರಳುಗಳನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ. ಹೊರಬಂದ ಕ್ಯಾಲ್ಸಿಯಂ ಜೇಡಿಗಂಟಿದ ಸೋಡಿಯಮ್ಮನ್ನು ಹೊರದೂಡುತ್ತದೆ. ಬೇರು ಕೊರೆದ ದಾರಿಯಲ್ಲಿ ನೀರು ಅದನ್ನು ಆಳಕ್ಕೆ ಒಯ್ಯುತ್ತದೆ. ನೀರಿಗೆ ಇಳಿಯಲು ಎಡೆಯಿಲ್ಲದಿದ್ದರೆ ಎಲ್ಲವೂ ವ್ಯರ್ಥ.

ಭೂಮಿ ಹದಕ್ಕೆ ಬರಲು ಕೆಲವು ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಬತ್ತ, ಗೋಧಿಯ ಆಸೆಯನ್ನು ಬದಿಗಿಡಬೇಕು. ಕೊಯ್ದ ಹುಲ್ಲು ಮಾತ್ರ ಕೊಟ್ಟಿಗೆಯ ಎಮ್ಮೆಗಳಿಗೆ ಮೇವಾಗುತ್ತದೆ.