ಪರದೆಯ ಮೂಲೆಯ ಪುಟ್ಟ ಅಕ್ಷರ

ಕ್ಯಾಲ್ಕುಲೇಟರು ಬಂದ ಮೇಲೆ ವಿದ್ಯಾರ್ಥಿಗಳ ಬುದ್ಧಿ ಮೊಂಡಾಯಿತೆಂದು ಹಿರಿಯರು ಹೇಳುವುದುಂಟು. ನಾನು ಆ ಮಾತನ್ನು ಒಪ್ಪುವವನಲ್ಲ. ಆದರೂ ಹೋದ ವರ್ಷ ಭೂಗೋಳದ ಪ್ರಾಯೋಗಿಕ ತರಗತಿಯಲ್ಲಿ ನನಗಾದ ಮುಖಭಂಗವನ್ನು ನೆನೆದಾಗ ಅದರಲ್ಲಿ ಕಾಲು ಭಾಗವಾದರೂ ನಿಜವಿರಬಹುದೆಂದು ತೋರುತ್ತದೆ.

ಅಂದು ಕಾಲೇಜಿನ ಅಂಗಳದಲ್ಲಿರುವ ನೀಲಗಿರಿ ಮರದ ಎತ್ತರವನ್ನು ಕಂಡುಹಿಡಿಯಬೇಕಾಗಿತ್ತು. ಬುಡದಿಂದ ೨೦ ಮೀಟರು ದೂರ ನಿಂತು ಕ್ಲೈನೋಮೀಟರಿನಲ್ಲಿ ನೋಡಿದೆವು. ತುದಿಯ ಉನ್ನತ ಕೋನ ೩೫ ಡಿಗ್ರಿ. ಅದರ ಟ್ಯಾನ್ ಬೆಲೆಯನ್ನು ೨೦ರಿಂದ ಗುಣಿಸಿ, ಕಣ್ಣಿನ ಎತ್ತರವಾದ ಒಂದೂವರೆ ಮೀಟರನ್ನು ಕೂಡಿದರೆ ಮುಗಿಯಿತು. ಗಣಿತದ ಗೆಳೆಯನಿಂದ ಎರವಲು ತಂದ ಯಂತ್ರವು ಗುಣಲಬ್ಧ ೯.೪೮ ಎಂದಿತು. ಒಟ್ಟು ೧೧ ಮೀಟರೆಂದು ನಿಶ್ಚಿಂತೆಯಿಂದ ಬರೆದುಕೊಟ್ಟೆನು. ಅಧ್ಯಾಪಕರು ಪುಸ್ತಕವನ್ನೂ ಮರವನ್ನೂ ಒಮ್ಮೆ ನೋಡಿ, "ಏನಪ್ಪಾ, ನಿನ್ನ ಮರ ನಮ್ಮ ಮೂರಂತಸ್ತಿನ ಕಟ್ಟಡಕ್ಕಿಂತ ಕುಳ್ಳೋ?" ಎಂದರು. ತರಗತಿಯೆಲ್ಲ ನಕ್ಕಿತು. ನಿಜವಾದ ಉತ್ತರ ಹದಿನೈದೂವರೆ ಮೀಟರು. ಯಂತ್ರವು ರೇಡಿಯನ್ನಿನಲ್ಲಿತ್ತು. ಪರದೆಯ ಮೇಲ್ತುದಿಯಲ್ಲಿ 'ಆರ್' ಎಂಬ ಅಕ್ಷರ ಎಳ್ಳುಕಾಳಿನಷ್ಟಾಗಿ ಕುಳಿತಿದ್ದುದನ್ನು ನಾನು ಕಂಡಿರಲಿಲ್ಲ. ೩೫ ರೇಡಿಯನ್ ಎಂದರೆ ಐದೂವರೆ ಸುತ್ತಿಗೂ ಹೆಚ್ಚು. ಅಷ್ಟು ಕತ್ತು ತಿರುಗಿಸಿ ಯಾರು ತಾನೇ ಮರ ನೋಡಿಯಾರು!

೩೦ರ ಸೈನ್ ಕೇಳಿದಾಗ ರೇಡಿಯನ್ನಿನ ಯಂತ್ರವು ಋಣ ೦.೯೮೮ ಎನ್ನುತ್ತದೆ. ಅಂಥ ಉತ್ತರ ಬಂದರೆ ಯಾರಾದರೂ ಎಚ್ಚರಗೊಳ್ಳುತ್ತಾರೆ. ನನ್ನ ೯.೪೮ ಹಾಗಲ್ಲ, ಅದು ಸಭ್ಯ ವೇಷದಲ್ಲಿ ಬಂದಿತು. ಅಪಾಯವಿರುವುದು ಇಲ್ಲಿ.

ಇಷ್ಟಾದ ಮೇಲೆ, ಈ ಎರಡು ಅಳತೆಗಳೇಕೆ ಎಂದು ಓದಿ ನೋಡಿದೆನು. ಸುತ್ತನ್ನು ೩೬೦ ಮಾಡುವುದು ಬ್ಯಾಬಿಲೋನಿನವರ ಅರವತ್ತರ ಎಣಿಕೆಯ ಬಳುವಳಿ. ರೇಡಿಯನ್ನಿಗೆ ಅಂಥ ಎಣಿಕೆಯ ಹಂಗಿಲ್ಲ. ತ್ರಿಜ್ಯದಷ್ಟೇ ಉದ್ದದ ಕಂಸವು ವೃತ್ತದ ಕೇಂದ್ರದಲ್ಲಿ ಉಂಟುಮಾಡುವ ಕೋನವೇ ಒಂದು ರೇಡಿಯನ್, ಸುಮಾರು ೫೭.೩ ಡಿಗ್ರಿ. ಹೆಸರು ಈಚಿನದು; ೧೮೭೩ರಲ್ಲಿ ಬೆಲ್‌ಫಾಸ್ಟಿನಲ್ಲಿ ಜೇಮ್ಸ್ ಥಾಮ್ಸನ್ ಅವರ ಪರೀಕ್ಷಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆದರೆ ನಮ್ಮ ಆರ್ಯಭಟನ ಜ್ಯಾ ಕೋಷ್ಟಕದಲ್ಲಿ ತ್ರಿಜ್ಯವು ೩೪೩೮ ಕಲೆ. ಕಲೆಯೆಂದರೆ ಡಿಗ್ರಿಯ ಅರವತ್ತರಲ್ಲೊಂದು ಪಾಲು. ೩೪೩೮ನ್ನು ೬೦ರಿಂದ ಭಾಗಿಸಿ ನೋಡಿರಿ, ಅದೇ ೫೭.೩! ಕಂಸವನ್ನೂ ತ್ರಿಜ್ಯವನ್ನೂ ಒಂದೇ ಮಾನದಿಂದ ಅಳೆಯುವ ಯೋಚನೆ ಅಲ್ಲಿಯೇ ಇತ್ತು. ಈ ಭಾಗಾಕಾರ ಮಾಡಿದ ದಿನ ನನಗಾದ ಸಂತೋಷದಲ್ಲಿ ಮರದ ಅವಮಾನ ಅರ್ಧ ಮರೆತುಹೋಯಿತು.

ಯಂತ್ರವನ್ನು ಡಿಗ್ರಿಗೆ ತಿರುಗಿಸಿ ಗೆಳೆಯನಿಗೆ ಹಿಂದಿರುಗಿಸಿದೆನು. ಮರುದಿನ ಅವನು ಕೆಂಡವಾಗಿ ಬಂದನು. ಎಕ್ಸ್ ಸೊನ್ನೆಯ ಕಡೆಗೆ ಸಾಗಿದಂತೆ ಸೈನ್ ಎಕ್ಸನ್ನು ಎಕ್ಸಿನಿಂದ ಭಾಗಿಸಿದ ಬೆಲೆ ಒಂದರತ್ತ ಹೋಗಬೇಕು, ಅವನಿಗೆ ೦.೦೧೭೪೫ ಬಂದಿತ್ತಂತೆ. ಕಲನಶಾಸ್ತ್ರದ ಸೂತ್ರಗಳೆಲ್ಲ ರೇಡಿಯನ್ನನ್ನು ನಂಬಿಕೊಂಡಿವೆ. ಅವನಿಗೆ ಸರಿಯಾದುದು ನನಗೆ ತಪ್ಪು, ನನಗೆ ಸರಿಯಾದುದು ಅವನಿಗೆ ತಪ್ಪು. ಲೆಕ್ಕದಲ್ಲಿ ಡಿಗ್ರಿಯ ಸೊನ್ನೆಗುರುತು ಇದ್ದರೆ ಡಿಗ್ರಿ. ಕೋನವನ್ನು ಪೈ ಮೂಲಕ ಹೇಳಿದ್ದರೆ, ಇಲ್ಲವೆ ಗುರುತೇ ಇಲ್ಲದ ಬರಿಯ ಸಂಖ್ಯೆಯಾಗಿದ್ದರೆ ರೇಡಿಯನ್. ಎರವಲು ಯಂತ್ರವನ್ನು ಪರೀಕ್ಷಿಸಲು ಒಂದರ ವಿಲೋಮ ಟ್ಯಾನ್ ಕೇಳಿರಿ: ೪೫ ಬಂದರೆ ಡಿಗ್ರಿ, ೦.೭೮೫ ಬಂದರೆ ರೇಡಿಯನ್. ೫೦ ಬಂದರೆ ಅದು ಲಂಬಕೋನವನ್ನು ನೂರು ಪಾಲು ಮಾಡುವ ಗ್ರೇಡ್. ನಮ್ಮ ಪಾಠಗಳಲ್ಲಿ ಅದರ ಕೆಲಸವೇ ಇಲ್ಲ.

ಯಂತ್ರವನ್ನು ಬಿಟ್ಟು ಕ್ಲಾರ್ಕ್ ಕೋಷ್ಟಕಕ್ಕೆ ಮರಳಬೇಕೆನ್ನುವವರೊಡನೆ ನನ್ನ ವಿವಾದವಿದೆ. ಕೋಷ್ಟಕದ ತಲೆಯಲ್ಲೇ ಡಿಗ್ರಿಯೆಂದು ಅಚ್ಚಾಗಿರುವುದರಿಂದ ಆಯ್ಕೆಯ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ. ಅದರಿಂದ ನಾವು ಕೋನವನ್ನು ಹೆಚ್ಚು ಅರಿತಿದ್ದೆವೆಂದು ಹೇಗೆ ಹೇಳುವುದು? ನನ್ನ ದೂರು ಬೇರೆ. ಯಾವ ಗುಂಡಿ ಒತ್ತಬೇಕೆಂದು ನಮಗೆ ಹೇಳಿಕೊಟ್ಟರು. ಒತ್ತುವ ಮೊದಲು ಏನು ನೋಡಬೇಕೆಂದು ಹೇಳಲಿಲ್ಲ. ದಾಖಲೆ ಪುಸ್ತಕದಲ್ಲಿ ಕೋನದ ಮಾನವನ್ನು ಬರೆದು, ಪಕ್ಕದಲ್ಲಿ ಅಳತೆಗೆ ಸರಿಯಾದ ಒಂದು ಸಣ್ಣ ಚಿತ್ರವನ್ನು ಎಳೆದವರಿಗೆ ಅರ್ಧ ಅಂಕವನ್ನಾದರೂ ಮೀಸಲಿಡಬೇಕೆಂದು ನಮ್ಮ ಅಧ್ಯಾಪಕ ಮಹಾಶಯರಲ್ಲಿ ಬಿನ್ನವಿಸುತ್ತೇನೆ. ಆ ಚಿತ್ರವೊಂದಿದ್ದಿದ್ದರೆ ಅಂದು ಮರ ಕುಳ್ಳಾಗುತ್ತಿರಲಿಲ್ಲ.