ಆಕಾಶದ ಸದ್ದಿಗೂ ಅಳತೆ ಬೇಡವೇ?

1996ರಲ್ಲಿ ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಆರಂಭವಾದ ಏರೋ ಇಂಡಿಯಾ ಪ್ರದರ್ಶನ ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ನಡೆಯುತ್ತದೆ. 2025ರಲ್ಲಿ ಅದು ಫೆಬ್ರವರಿ 10ರಿಂದ 14ರ ವರೆಗೆ ನಡೆಯಿತು. ದೇಶದ ಸಾಮರ್ಥ್ಯವನ್ನು ಕಂಡು ಹೆಮ್ಮೆಪಡುವುದು ಸಹಜ. ಆದರೆ ಯಾರ ಮನೆಯ ಮೇಲಿಂದ ಯುದ್ಧವಿಮಾನಗಳು ಹಾರುತ್ತವೆಯೋ ಅವರ ಕಷ್ಟ ಐದು ದಿನಗಳಿಗೆ ಮುಗಿಯುವುದಿಲ್ಲ. ತಾಲೀಮು ಮೊದಲೇ ಶುರುವಾಗಿರುತ್ತದೆ. ತೊಟ್ಟಿಲ ಮಗು, ಹಾಸಿಗೆ ಹಿಡಿದ ವೃದ್ಧರು, ಪರೀಕ್ಷೆಯ ಹೊಸ್ತಿಲಲ್ಲಿರುವ ಮಕ್ಕಳು ಬೆಚ್ಚಿಬಿದ್ದರೆ ಯಾರಿಗೆ ದೂರು ಹೇಳಬೇಕು? ಹೇಳಿದರೆ ದೇಶಪ್ರೇಮವಿಲ್ಲದವರೆಂಬ ಪಟ್ಟ ಬಂದೀತೆಂಬ ಅಂಜಿಕೆ ಬೇರೆ!

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ತಗ್ಗಿ ಹಾರುವ ಯುದ್ಧವಿಮಾನದ ಸದ್ದು ನೂರನ್ನೂ ಮೀರಬಲ್ಲದು. 2022ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಧ್ವನಿವರ್ಧಕಗಳ ಬಗ್ಗೆ ಆದೇಶ ಹೊರಡಿಸಿದಾಗ ಮಸೀದಿಗಳು ಅನುಮತಿ ಪಡೆದು ಮಿತಿಗೆ ಒಳಪಟ್ಟವು. ಅದು ಸರಿಯೇ. ಹಾಗಾದರೆ ಅಳತೆಗೋಲು ನೆಲದ ಸದ್ದಿಗೆ ಮಾತ್ರವೇ?

ಪ್ರದರ್ಶನ ನಿಲ್ಲಿಸಬೇಕೆಂದು ನಾವು ಹೇಳುತ್ತಿಲ್ಲ. ಹಾರಾಟದ ವೇಳಾಪಟ್ಟಿ ಪ್ರತಿ ಮನೆಗೂ ಮುಂಚಿತವಾಗಿ ತಲುಪಲಿ. ಆಸ್ಪತ್ರೆ, ಶಾಲೆಗಳ ಮೇಲೆ ತಗ್ಗಿ ಹಾರುವುದನ್ನು ಆದಷ್ಟು ತಪ್ಪಿಸಲಿ. ಸದ್ದನ್ನು ಅಳೆದು ಬಹಿರಂಗಪಡಿಸಲಿ. ನಿವಾಸಿಗಳ ದೂರಿಗೆ ಉತ್ತರ ಸಿಗಲಿ.

ಕರಾವಳಿಯ ನಮಗೆ ಯಲಹಂಕ ದೂರ. ಆದರೆ ನಮ್ಮ ಮದುವೆ ಮನೆಗಳ ಪಟಾಕಿ, ನಡುರಾತ್ರಿ ದಾಟುವ ಭಾಷಣಗಳ ಧ್ವನಿವರ್ಧಕ ದೂರವಿಲ್ಲ. ನೆರೆಯವರ ನೆಮ್ಮದಿ ಕಾಯುವುದು ವಿಶ್ವಾಸದ ಭಾಗವೆಂದು ಕಲಿತವರು ನಾವು. ಸರಕಾರವನ್ನು ಪ್ರಶ್ನಿಸುವ ನಾಲಗೆಗೆ ಬಲ ಬರಬೇಕಾದರೆ ಮೊದಲು ನಮ್ಮ ಅಂಗಳದ ಸದ್ದು ತಗ್ಗಬೇಕು.